ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ಕುಂಡದ ಗಿಡಗಳ ಕೆಲಸ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುವ ಮಾತು ನಮ್ಮ ಮೈಸೂರಿನ ಮಟ್ಟಿಗೆ ಹೆಚ್ಚುಕಡಿಮೆ ನಿಜ. ಚಳಿ ಓಡುವ ಮೊದಲೇ ಗಿಡ ಸವರುವುದು, ಕುಂಡ ಬದಲಿಸುವುದು ಎರಡೂ ಮುಗಿದಿರಬೇಕು. ಇದು ನಾನು ಎಲ್ಲರಿಗೂ ಒತ್ತಿ ಹೇಳುವ ವಿಷಯ. ಬಹಳ ಜನ ಯುಗಾದಿ ಹತ್ತಿರ ಬಂದಾಗ ಉತ್ಸಾಹದಿಂದ ನರ್ಸರಿಗೆ ಹೋಗಿ ಗಿಡ ತಂದು ನೆಡುತ್ತಾರೆ. ಆಗ ಬಿಸಿಲು 34-35 ಡಿಗ್ರಿ ಮುಟ್ಟುತ್ತಿರುತ್ತದೆ. ಬೇರು ಹಿಡಿಯುವ ಮೊದಲೇ ಎಲೆ ಬಾಡುತ್ತದೆ. ಈಗಲಾದರೆ ರಾತ್ರಿ ತಂಪು, ಹಗಲು ಹಿತವಾದ ಬಿಸಿಲು. ಕತ್ತರಿಸಿದ ಜಾಗ ಮಾಯುತ್ತದೆ, ಬೇರು ನಿಧಾನವಾಗಿ ಹೊಸ ಮಣ್ಣಿಗೆ ಹೊಂದಿಕೊಳ್ಳುತ್ತದೆ.

ಮೊದಲು ಮಲ್ಲಿಗೆ ನೋಡಿ. ಅದಕ್ಕೆ ತಡ ಮಾಡಬಾರದು. ನಮ್ಮ ಅತ್ತೆಯವರ ತವರು ಶ್ರೀರಂಗಪಟ್ಟಣದ ಕಡೆ. ಮೈಸೂರು ಮಲ್ಲಿಗೆ ಬೆಳೆಯುವ ಸೀಮೆ ಅದು. ಸಂಕ್ರಾಂತಿ ಹಬ್ಬ ಮುಗಿದ ವಾರವೇ ಅವರು ಕತ್ತರಿ ಹಿಡಿಯುತ್ತಿದ್ದರು. ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆ ಕಡ್ಡಿ ಉದ್ದಕ್ಕೆ ಬಳುಕಿಕೊಂಡು ನಿಂತಿದ್ದರೆ ಎಲೆ ಜಾಸ್ತಿ, ಹೂವು ಕಡಿಮೆ. ಹಾಗಾಗಿ ಸವರುವ ಮೊದಲು ಒಂದು ವಾರ ನೀರು ಕಡಿಮೆ ಮಾಡಿ. ಆಮೇಲೆ ಗಿಡವನ್ನು ಒಂದು, ಒಂದೂವರೆ ಅಡಿ ಎತ್ತರಕ್ಕೆ ಕತ್ತರಿಸಿ. ಒಣಗಿದ ಕಡ್ಡಿ, ಒಂದಕ್ಕೊಂದು ಉಜ್ಜುವ ಕಡ್ಡಿ, ಪೆನ್ಸಿಲ್‌ಗಿಂತ ತೀರಾ ಸಣ್ಣಗಿರುವ ಕಡ್ಡಿ ಎಲ್ಲವನ್ನೂ ಬುಡಕ್ಕೆ ತೆಗೆಯಿರಿ. ಉಳಿದ ಎಲೆಗಳನ್ನೂ ಕೈಯಲ್ಲೇ ಬಿಡಿಸಿ. ಬೋಳು ಗಿಡ ನೋಡಿ ಗಾಬರಿಯಾಗಬೇಡಿ. ಬುಡದ ಮೇಲ್ಮಣ್ಣನ್ನು ಎರಡು ಇಂಚು ಕೆದಕಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎರಡು ಬೊಗಸೆ, ಬೇವಿನ ಹಿಂಡಿ ಒಂದು ಹಿಡಿ ಹಾಕಿ, ತುಂಬ ನೀರು ಕೊಡಿ. ಮಲ್ಲಿಗೆಗೆ ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೇಕು. ನೆರಳಲ್ಲಿಟ್ಟು ಎಷ್ಟು ಗೊಬ್ಬರ ಸುರಿದರೂ ಪ್ರಯೋಜನ ಇಲ್ಲ.

ದಾಸವಾಳಕ್ಕೂ ಕರಿಬೇವಿಗೂ ಸ್ವಲ್ಪ ಕಾಯಿರಿ. ಚಳಿಯಲ್ಲಿ ಎರಡೂ ಮಂಕಾಗಿರುತ್ತವೆ. ಫೆಬ್ರವರಿಯಲ್ಲಿ ಗೆಣ್ಣುಗಳಲ್ಲಿ ಹಸಿರು ಕಂಡ ಮೇಲೆ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ. ಕರಿಬೇವಿಗೆ ಹುಳಿ ಮಜ್ಜಿಗೆ ಹಾಕುವವರು ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಅದು ಬಯಸುವುದು ಮುಖ್ಯವಾಗಿ ಬಿಸಿಲನ್ನು. ಗುಲಾಬಿಯಲ್ಲಿ ತುದಿಯಿಂದ ಕಪ್ಪಾಗಿ ಒಣಗುತ್ತಾ ಬರುವ ಕಡ್ಡಿ ಇದ್ದರೆ, ಒಳಗಿನ ತಿರುಳು ಬೆಳ್ಳಗೆ ಕಾಣುವವರೆಗೂ ಇಳಿದು ಕತ್ತರಿಸಿ. ಹೊರಮುಖವಾಗಿರುವ ಕಣ್ಣಿನ (ಚಿಗುರು ಒಡೆಯುವ ಜಾಗ) ಸ್ವಲ್ಪ ಮೇಲೆ, ಓರೆಯಾಗಿ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಿ.

ಕುಂಡ ಬದಲಿಸಬೇಕೋ ಬೇಡವೋ ಅನ್ನುವುದು ತಳ ನೋಡಿದರೆ ಗೊತ್ತಾಗುತ್ತದೆ. ತೂತಿನಿಂದ ಬೇರು ಹೊರಗೆ ಬಂದಿದ್ದರೆ, ಹಾಕಿದ ನೀರು ನಿಲ್ಲದೆ ಸರ್ರನೆ ಇಳಿದು ಹೋಗುತ್ತಿದ್ದರೆ, ಬದಲಿಸಿ. ಹೊಸ ಕುಂಡ ಎರಡು ಇಂಚು ದೊಡ್ಡದಿದ್ದರೆ ಸಾಕು. ತೀರಾ ದೊಡ್ಡದಾದರೆ ಬೇರಿಲ್ಲದ ಮಣ್ಣಲ್ಲಿ ತೇವ ಉಳಿದು ಬೇರು ಕೊಳೆಯುತ್ತದೆ. ನಾನು ಹಾಕುವುದು ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ). ಬರೀ ಕೆಮ್ಮಣ್ಣು ಬೇಸಿಗೆಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಕೋಕೋಪೀಟ್‌ನಲ್ಲಿ ಉಪ್ಪಿನಂಶ ಇರಬಹುದು. ಅದಕ್ಕೆ ಒಂದೆರಡು ಸಲ ನೀರಲ್ಲಿ ನೆನೆಸಿ, ಹಿಂಡಿ ಬಳಸಿ. ಕುಂಡ ಬದಲಿಸಿದ ಮೇಲೆ ಒಂದು ತಿಂಗಳು ಬೇರೆ ಗೊಬ್ಬರ ಕೊಡಬೇಡಿ.

ಈಗ ಮನೆಯೊಳಗಿನ ಗಿಡಗಳು. ಇವುಗಳ ವಿಷಯದಲ್ಲಿ ಬೆಳಕು ಜಾಗ ಬದಲಿಸುವುದನ್ನು ಯಾರೂ ಗಮನಿಸುವುದೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯ ಒಳಗೆ ಬರುತ್ತದೆ. ಸಂಕ್ರಾಂತಿ ನಂತರ ದಿನದಿನಕ್ಕೂ ಮೇಲಕ್ಕೇರುತ್ತಾನೆ. ಏಪ್ರಿಲ್ 20ರ ಆಸುಪಾಸಿಗೆ ನಮ್ಮ ಊರಲ್ಲಿ ನಡುಮಧ್ಯಾಹ್ನ ನೇರ ನೆತ್ತಿಯ ಮೇಲೆ ಇರುತ್ತಾನೆ. ಅಷ್ಟು ಹೊತ್ತಿಗೆ ದಕ್ಷಿಣದ ಕಿಟಕಿಗೆ ನೇರ ಬಿಸಿಲು ಹೆಚ್ಚುಕಡಿಮೆ ನಿಂತೇಹೋಗಿರುತ್ತದೆ. ಪಶ್ಚಿಮದ ಕಿಟಕಿಯಲ್ಲಿ ಮಾತ್ರ ಸಂಜೆ ಬಿಸಿಲು ಸುಡುತ್ತದೆ. ಕುವೆಂಪುನಗರದ ನಮ್ಮ ಮನೆ ಬಾಲ್ಕನಿ ಪಶ್ಚಿಮಕ್ಕಿದೆ. ಜನವರಿಯಲ್ಲಿ ಅಲ್ಲಿ ಹಾಯಾಗಿರುವ ಪೀಸ್ ಲಿಲಿ, ಅಗ್ಲೋನಿಮಾ ಎರಡನ್ನೂ ಫೆಬ್ರವರಿ ಕೊನೆಗೆ ಪೂರ್ವದ ಕೋಣೆಗೆ ತರುತ್ತೇನೆ. ಸ್ನೇಕ್ ಪ್ಲಾಂಟ್ ಅಲ್ಲೇ ಇರಬಹುದು, ಅದು ತಡೆದುಕೊಳ್ಳುತ್ತದೆ.

ನೀರಿನ ಲೆಕ್ಕ ವಾರಕ್ಕೆ ಇಷ್ಟು ಸಲ ಅಂತ ಇಟ್ಟುಕೊಳ್ಳಬೇಡಿ. ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ, ಒಣಗಿದೆ ಅನ್ನಿಸಿದರೆ ಮಾತ್ರ ಹಾಕಿ. ಸ್ನೇಕ್ ಪ್ಲಾಂಟ್, ಜೆಡ್‌ಜೆಡ್ ಗಿಡಕ್ಕೆ ಮಣ್ಣು ಪೂರ್ತಿ ಒಣಗಿದ ಮೇಲೆ. ಚಳಿಯಲ್ಲಿ ಬೇರು ನೀರು ಕುಡಿಯುವುದು ನಿಧಾನ, ಅದಕ್ಕೇ ಬೆಳಿಗ್ಗೆ ಹೊತ್ತೇ ಹಾಕಿ. ಕುಂಡದ ಸುತ್ತ ಸಣ್ಣ ಕಪ್ಪು ನೊಣ ಹಾರುತ್ತಿದ್ದರೆ ನೀರು ಜಾಸ್ತಿಯಾಗಿದೆ ಅಂತಲೇ ಅರ್ಥ. ಬೋರ್‌ವೆಲ್ ನೀರು ಬಳಸುವವರ ಕುಂಡದ ಅಂಚಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ, ಮೇಲಿನ ಮಣ್ಣು ಕೆರೆದು ತೆಗೆದು, ತಳದಿಂದ ಹರಿದು ಹೋಗುವಷ್ಟು ಒಳ್ಳೆ ನೀರು ಹಾಯಿಸಿ. ಎಲೆ ಮೇಲಿನ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.

ಗೊಬ್ಬರ ಮಾಡುವುದಕ್ಕೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಅವರೆಕಾಯಿ ಸಿಪ್ಪೆ, ಹಿತಕಿದ ಅವರೆಯ ಸಿಪ್ಪೆ, ಹಬ್ಬದ ಕಬ್ಬಿನ ಸಿಪ್ಪೆ ಎಲ್ಲವೂ ಮನೆಯಲ್ಲೇ ರಾಶಿ ಬೀಳುತ್ತದೆ ಅಲ್ವಾ? ಸುಮ್ನೆ ಕಸದ ಗಾಡಿಗೆ ಕೊಡಬೇಡಿ. ತೂತು ಕೊರೆದ ಡ್ರಮ್ಮಿನಲ್ಲಿ ಒಂದು ಪದರ ಹಸಿ ಸಿಪ್ಪೆ, ಅದರ ಮೇಲೆ ಅದಕ್ಕಿಂತ ದಪ್ಪವಾಗಿ ಒಣ ಎಲೆ, ಮೇಲೆ ಒಂದು ಹಿಡಿ ಮಣ್ಣು. ಕಬ್ಬಿನ ಸಿಪ್ಪೆ ಕರಗುವುದು ತಡ, ಸಣ್ಣಗೆ ಕತ್ತರಿಸಿ ಹಾಕಿ. ವಾರಕ್ಕೊಮ್ಮೆ ತಿರುವಿದರೆ ಮೂರು ತಿಂಗಳ ಹೊತ್ತಿಗೆ ಗೊಬ್ಬರ ಸಿಗುತ್ತದೆ. ಮಂಡ್ಯದ ನೆಂಟರು ಯಾರಾದರೂ ಇದ್ದರೆ ಒಂದು ಚೀಲ ಕಬ್ಬಿನ ತರಗು ಕೇಳಿ. ತಾರಸಿ ಕುಂಡಗಳಿಗೆ ಎರಡು ಇಂಚು ದಪ್ಪ ಹೊದಿಸಿದರೆ ಬೇಸಿಗೆಯಲ್ಲಿ ತೇವ ಬೇಗ ಆರುವುದಿಲ್ಲ. ಅಲ್ಲೆಲ್ಲ ಗದ್ದೆಯಲ್ಲೇ ಸುಟ್ಟುಬಿಡುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಫೆಬ್ರವರಿ ಒಣಗಾಳಿಗೆ ಹಿಟ್ಟು ತಿಗಣೆ, ಕೆಂಪು ನುಸಿ ಬರುತ್ತವೆ. ದಾಸವಾಳದ ತುದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡ ದಿನವೇ ಆ ತುದಿ ಕತ್ತರಿಸಿ ಕವರಿನಲ್ಲಿ ಕಟ್ಟಿ ಎಸೆಯಿರಿ. ಇರುವೆ ಸಾಲು ಹತ್ತುತ್ತಿದ್ದರೆ ಅದನ್ನೂ ತಡೆಯಿರಿ. ಸಿಹಿ ಅಂಟಿಗಾಗಿ ಇರುವೆಗಳೇ ತಿಗಣೆಯನ್ನು ಕಾಪಾಡುತ್ತವೆ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪಿನ ದ್ರವ ಬೆರೆಸಿ, ಸಂಜೆ ಹೊತ್ತು ಎಲೆಯ ಅಡಿಗೂ ಸಿಂಪಡಿಸಿ. ಮೊದಲು ಒಂದೇ ಎಲೆಗೆ ಹಾಕಿ, ಮಾರನೇ ದಿನ ನೋಡಿ ಮುಂದುವರಿಸಿ. ಕೆಂಪು ನುಸಿಗೆ ಎಲೆಯ ಅಡಿಗೆ ಜೋರಾಗಿ ನೀರು ಹೊಡೆದರೂ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ತರಕಾರಿಯಲ್ಲಿ ಬೆಂಡೆ, ಅಲಸಂದೆ, ಸೌತೆ, ಹೀರೆ, ದಂಟು ಈಗ ಹಾಕಬಹುದು. ಬೆಂಡೆ ಬೀಜ ರಾತ್ರಿ ನೆನೆಸಿಡಿ. ಕೊತ್ತಂಬರಿ ಬೇಕಿದ್ದರೆ ಬೇಗ ಹಾಕಿ, ಬಿಸಿಲೇರಿದರೆ ಎಲೆ ಬಿಡದೆ ಹೂವಿಗೆ ಹೋಗುತ್ತದೆ.

ಇನ್ನು ಸೇವಂತಿಗೆ. ಹೂ ಮುಗಿದು ಒಣಗಿದ ಗಿಡವನ್ನು ದಯವಿಟ್ಟು ಕಿತ್ತು ಬಿಸಾಡಬೇಡಿ. ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ನೀರು ಕೊಡುತ್ತಿರಿ. ಬುಡದ ಸುತ್ತ ಮರಿಗಳು ಏಳುತ್ತವೆ. ಅವು ಮೂರ್ನಾಲ್ಕು ಇಂಚು ಆದಾಗ ಬೇರು ಸಮೇತ ಬಿಡಿಸಿ, ಒಂದೊಂದನ್ನೂ ಸಣ್ಣ ಕುಂಡಕ್ಕೆ ಹಾಕಿ. ಬೇಸಿಗೆ ಪೂರ್ತಿ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಸಿಗುವ ಕಡೆ ಇಡಿ. ಮಳೆಗಾಲ ಶುರುವಾದ ಮೇಲೆ ದೊಡ್ಡ ಕುಂಡಕ್ಕೆ ಬದಲಿಸಿ, ತುದಿ ಚಿವುಟುತ್ತಾ ಬಂದರೆ ಪೊದೆಯಾಗಿ ಕವಲೊಡೆಯುತ್ತದೆ.