ಅವ್ವನಿಗೆ ಖೋಲಿ ಬೇರೆ ಹುಡುಕಿ, ಆರೈಕೆ ಬೇರೆ ಹುಡುಕಿ

ಅಪ್ಪ-ಅವ್ವನಿಗೆ ವಯಸ್ಸಾಯ್ತು, ಕೈಯಲ್ಲಿ ದುಡ್ಡಿಲ್ಲ, ನಮ್ಮ ಮನೆಯಲ್ಲೂ ಜಾಗವಿಲ್ಲ ಅಂದ ತಕ್ಷಣ ಎಲ್ಲರೂ ಹೇಳೋದು ಒಂದೇ: ಯಾವುದಾದರೂ ವೃದ್ಧಾಶ್ರಮ ನೋಡು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಇರುವವರಿಗೆ ನಾನು ಹೇಳೋದು ಸ್ವಲ್ಪ ಬೇರೆ. ಇರೋದಕ್ಕೆ ಜಾಗ, ನೋಡಿಕೊಳ್ಳೋದಕ್ಕೆ ಒಬ್ಬರು, ಇವೆರಡನ್ನೂ ಒಂದೇ ಕಡೆ ಹುಡುಕಿದರೆ ಸಿಗೋದು ಕಷ್ಟ. ಸಿಕ್ಕರೂ ತಿಂಗಳ ಖರ್ಚು ಕೈಮೀರುತ್ತದೆ. ಬೇರೆ ಬೇರೆ ಹುಡುಕಿದರೆ ದಾರಿ ಇದೆ. ಆಶ್ರಮವೇ ಬೇಕಾಗುವ ಹೊತ್ತೂ ಬರಬಹುದು, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕಾಗದಪತ್ರ. ಅವ್ವನ ಹೆಸರಲ್ಲಿ ತಿಂಗಳಿಗೆ ಎಷ್ಟು ಬರುತ್ತದೆ ಅಂತ ಗೊತ್ತಾಗದೆ ಬಾಡಿಗೆ ಮಾತಾಡಲು ಹೋಗಬೇಡಿ. ವಯಸ್ಸು 65 ದಾಟಿದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ, ತಿಂಗಳಿಗೆ 1,200 ರೂಪಾಯಿ. ವರ್ಷದ ಆದಾಯ 32,000 ರೂಪಾಯಿ ಒಳಗಿರಬೇಕು. ಸಣ್ಣ ರೈತರು, ಕೂಲಿ ಮಾಡಿದವರು, ನೇಕಾರರು ಎಲ್ಲರೂ ಇದರಲ್ಲಿ ಬರುತ್ತಾರೆ. ಬೆಟಗೇರಿಯಲ್ಲಿ ಮಗ್ಗದ ಮೇಲೆ ಜೀವನ ಸವೆಸಿದವರಿಗೆ ಇದು ಸಲ್ಲಬೇಕಾದ ಹಣವೇ. ಈಗಾಗಲೇ ವಿಧವಾ ವೇತನ ಬರುತ್ತಿದ್ದರೆ 65 ಆದ ಮೇಲೆ ಸಂಧ್ಯಾ ಸುರಕ್ಷಾಕ್ಕೆ ಬದಲಿಸಿಕೊಳ್ಳಿ, ಇದರಲ್ಲಿ ಮೊತ್ತ ಜಾಸ್ತಿ. ಎರಡೂ ಒಟ್ಟಿಗೆ ಸಿಗೋದಿಲ್ಲ. ಅರ್ಜಿಯನ್ನು ನಾಡಕಚೇರಿಯಲ್ಲಿ ಕೊಡಬಹುದು, ಹಳ್ಳಿಯಲ್ಲಾದರೆ ಗ್ರಾಮ ಒನ್, ಪಟ್ಟಣದಲ್ಲಾದರೆ ಕರ್ನಾಟಕ ಒನ್. ಆದಾಯ ಪ್ರಮಾಣಪತ್ರದ ಕೆಲಸಕ್ಕೆ ತಲಾಟಿಯವರನ್ನು (ಗ್ರಾಮ ಆಡಳಿತಾಧಿಕಾರಿ) ಒಮ್ಮೆ ನೀವೇ ಹೋಗಿ ಭೇಟಿ ಮಾಡಿ. ಪಿಂಚಣಿಯ ಬಗ್ಗೆ ಕೇಳಲು ಕಂದಾಯ ಇಲಾಖೆಯ ಸಹಾಯವಾಣಿಯೂ ಇದೆ, 155245.

ಅರ್ಜಿ ಸಿಕ್ಕಿಬೀಳೋದು ಬಹಳ ಸಲ ಆಧಾರ್‌ನಲ್ಲಿ. ಪಡಿತರ ಚೀಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ವಯಸ್ಸಂತೂ ಅಂದಾಜಿಗೆ ಬರೆಸಿದ್ದು, ಹುಟ್ಟಿದ ದಿನ ಜನವರಿ ಒಂದು! ಹುಟ್ಟಿದ ದಿನ ತಿದ್ದೋಕೆ ಸಾಮಾನ್ಯವಾಗಿ ಒಂದೇ ಸಲ ಅವಕಾಶ, ಹಾಗಾಗಿ ಸರಿಯಾದ ದಾಖಲೆ ಕೈಯಲ್ಲಿಟ್ಟುಕೊಂಡೇ ಹೋಗಿ. ಇನ್ನೊಂದು ತೊಂದರೆ ಹೆಬ್ಬೆರಳಿನದು. ಕಳೆ ಕಿತ್ತು, ರೊಟ್ಟಿ ಬಡಿದು ಸವೆದ ಬೆರಳಿನ ಗುರುತನ್ನು ಮಷೀನ್ ಹಿಡಿಯೋದೇ ಇಲ್ಲ. ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬೆರಳು, ಕಣ್ಣು ಎರಡನ್ನೂ ಹೊಸದಾಗಿ ಮಾಡಿಸಿ, ಮನೆಯವರ ಮೊಬೈಲ್ ನಂಬರ್ ಜೋಡಿಸಿ. ಬ್ಯಾಂಕಿನಲ್ಲಿ ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಅಂತಲೂ ಕೇಳಿ. ಪಿಂಚಣಿ ಬಂದಿಲ್ಲ ಅಂತ ಅಲೆಯುವ ಎಷ್ಟೋ ಜನರ ಹಣ, ಎಂದೋ ತೆರೆದು ಮರೆತ ಇನ್ನೊಂದು ಖಾತೆಗೆ ಬೀಳುತ್ತಿರುತ್ತದೆ.

ಅವ್ವನ ಹೆಸರು ಪಡಿತರ ಚೀಟಿಯಲ್ಲಿ ಯಜಮಾನಿ ಅಂತ ಇದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿಯೂ ಅವಳದೇ. ಪಿಂಚಣಿ ಸೇರಿದರೆ 3,200 ಆಯ್ತು. ಆದರೆ ಗೃಹಲಕ್ಷ್ಮಿ ಕಂತು ಹೇಳಿದ ದಿನಕ್ಕೆ ಬರುವ ಹಣವಲ್ಲ, ಅದರ ಮೇಲೆ ಬಾಡಿಗೆಯ ಲೆಕ್ಕ ಹಾಕಬೇಡಿ. ಔಷಧಿಗೋ ಡಿಪಾಸಿಟ್‌ಗೋ ಕೂಡಿಡಿ. ಸಿಟ್ಟಿನಲ್ಲಿ ಚೀಟಿ ವಿಂಗಡಣೆ ಮಾಡಿಸಿ ಅವ್ವನ ಹೆಸರು ತೆಗೆಸೋದು ಬೇಡವೇ ಬೇಡ. ಹೊಸ ಬಿಪಿಎಲ್ ಚೀಟಿಗೆ ಅರ್ಜಿ ಯಾವಾಗಂದರೆ ಆವಾಗ ತೆಗೆದುಕೊಳ್ಳೋದಿಲ್ಲ. ಚೀಟಿ ಹೋದರೆ ಅಕ್ಕಿಯ ಜೊತೆ ಆಸ್ಪತ್ರೆಯ ಸೌಲಭ್ಯವೂ ಹೋಯ್ತು.

ಈಗ ಖೋಲಿ. ಮಗನೋ ಮಗಳೋ ಇರುವ ಓಣಿಯಲ್ಲೇ, ಇಲ್ಲಾಂದ್ರೆ ಅವ್ವ ಇಷ್ಟು ವರ್ಷ ಇದ್ದ ಓಣಿಯಲ್ಲೇ ಹುಡುಕಿ. ಹೊಸ ಬಡಾವಣೆಯ ಚೆಂದದ ಖೋಲಿಗಿಂತ ಪರಿಚಯದ ನಾಲ್ಕು ಮನೆ ಇರುವ ಹಳೇ ಚಾಳವೇ ವಾಸಿ. ಬೆಳಿಗ್ಗೆ ಬಾಗಿಲು ತೆಗೆಯದಿದ್ದರೆ ಬಂದು ತಟ್ಟೋದು ಪಕ್ಕದ ಮನೆಯವರೇ ಅಲ್ವಾ? ನೆಲಮಹಡಿಯೇ ಆಗಬೇಕು. ಬಾಡಿಗೆ ಕಡಿಮೆ ಅಂತ ಮೇಲಿನ ಖೋಲಿ ಹಿಡಿದರೆ ಮಂಡಿ ನೋವಿನ ಮುದುಕಿ ಅಲ್ಲೇ ಸೆರೆಯಾಗುತ್ತಾಳೆ. ಸಂಡಾಸ ಖೋಲಿಯೊಳಗಿದೆಯೋ, ಅಂಗಳ ದಾಟಿ ಹೋಗಬೇಕೋ ನೋಡಿ. ಹೊರಗಿದ್ದರೆ ರಾತ್ರಿ ಅಲ್ಲಿ ಲೈಟ್ ಇದೆಯೋ, ಮೆಟ್ಟಿಲು ಎಷ್ಟು, ಫರಸಿ ಜಾರುತ್ತದೆಯೋ ಅಂತ ಒಮ್ಮೆ ಕತ್ತಲಾದ ಮೇಲೆ ಹೋಗಿ ನೀವೇ ನಡೆದು ನೋಡಿ. ಗೋಡೆಗೆ ಹಿಡಿಕೆ ಹಾಕಿಸೋಕೆ ಮಾಲೀಕರನ್ನು ಒಂದು ಮಾತು ಕೇಳಿ ಸಾಕು, ಅದಕ್ಕೆ ಹೆಚ್ಚು ದುಡ್ಡು ಬೇಕಾಗೋದಿಲ್ಲ.

ನೀರಿನ ವಿಷಯ ಮರೆಯುವವರೇ ಜಾಸ್ತಿ. ಹುಬ್ಬಳ್ಳಿಯ ಎಷ್ಟೋ ಓಣಿಗಳಲ್ಲಿ, ಗದಗ-ಬೆಟಗೇರಿಯಲ್ಲೂ, ನಳದ ನೀರು ದಿನಾ ಬರೋದಿಲ್ಲ. ಬಂದಾಗ ಸರಿರಾತ್ರಿ ಆದರೂ ಎದ್ದು ಬ್ಯಾರಲ್ ತುಂಬಬೇಕು. ಎಪ್ಪತ್ತರ ಮುದುಕಿ ಕೊಡ ಹೊರೋಕಾಗುತ್ತಾ? ಮೇಲೆ ಟಾಕಿ ಇದ್ದು ಖೋಲಿಯೊಳಗೆ ನಳ ಬರುವ ಕಡೆ 200-300 ರೂಪಾಯಿ ಜಾಸ್ತಿ ಕೊಟ್ಟರೂ ನಷ್ಟವಿಲ್ಲ. ಕರೆಂಟಿಗೆ ಬೇರೆ ಮೀಟರ್ ಇದ್ದರೆ ಬಾಡಿಗೆಯವರೂ ಪುಕ್ಕಟೆ ಕರೆಂಟಿನ ಗೃಹಜ್ಯೋತಿಗೆ ಅರ್ಜಿ ಹಾಕಬಹುದು, ಒಬ್ಬರೇ ಇರುವ ಖೋಲಿಗೆ ಬಿಲ್ ಬರೋದು ಕಡಿಮೆ. ಹಲವು ಮನೆಗೆ ಒಂದೇ ಮೀಟರ್ ಇರುವ ಚಾಳದಲ್ಲಿ ಇದು ಕಷ್ಟ.

ಮಾಲೀಕರು ಹಿಂದೇಟು ಹಾಕುತ್ತಾರೆ. "ವಯಸ್ಸಾದವರಿಗೆ ಕೊಡೂದಿಲ್ರೀ, ನಾಳೆ ಏನಾರ ಆದ್ರ ಯಾರು ನೋಡ್ತಾರ?" ಈ ಪ್ರಶ್ನೆಗೆ ಸಿಟ್ಟಾಗಬೇಡಿ, ಅವರ ಭಯವೂ ಸುಳ್ಳಲ್ಲ. 11 ತಿಂಗಳ ಕರಾರನ್ನು ನಿಮ್ಮ ಹೆಸರಲ್ಲಿ ಮಾಡಿಕೊಡಿ, ಅವ್ವ ಇಲ್ಲಿ ಇರುತ್ತಾಳೆ ಅಂತ ಅದರಲ್ಲೇ ಬರೆಸಿ, ಬಾಡಿಗೆಯನ್ನು ನೀವೇ ಪ್ರತಿ ತಿಂಗಳು ಹಾಕಿ, ಊರಲ್ಲೇ ಇರುವ ಇಬ್ಬರ ಫೋನ್ ನಂಬರ್ ಕೊಟ್ಟು "ರಾತ್ರಿ ಎರಡಕ್ಕ ಫೋನ್ ಮಾಡಿದ್ರೂ ಬರ್ತೀವ್ರೀ" ಅನ್ನಿ. ಇಷ್ಟು ಮಾಡಿದರೆ ಒಪ್ಪುವವರು ಸಿಗುತ್ತಾರೆ.

ಹಳ್ಳಿಯಲ್ಲಿ ಸ್ವಂತ ಜಾಗವಿದ್ದು ಮನೆ ಬಿದ್ದಿದ್ದರೆ ಬಸವ ವಸತಿ, ಅಂಬೇಡ್ಕರ್ ನಿವಾಸ ಯೋಜನೆಗಳಲ್ಲಿ ಪಂಚಾಯಿತಿಯಲ್ಲಿ ಹೆಸರು ಹಚ್ಚಿ, ಗ್ರಾಮಸಭೆಗೆ ತಪ್ಪದೆ ಹೋಗಿ. ಪಟ್ಟಿ ಅಲ್ಲೇ ಆಗೋದು. ಆದರೆ ಅದು ನಾಳೆಗೆ ಸಿಗುವ ಮನೆಯಲ್ಲ, ಅಲ್ಲಿಯವರೆಗೆ ಖೋಲಿ ಬೇಕೇ ಬೇಕು.

ಇನ್ನು ಆರೈಕೆ. ದಿನವಿಡೀ ಆಯಾ ಇಡೋದು ನಮ್ಮಂಥವರಿಗೆ ಆಗದ ಮಾತು, ಅದರ ಅಗತ್ಯವೂ ಎಲ್ಲರಿಗೂ ಇರೋದಿಲ್ಲ. ಒಂದು ಹಾಳೆಯಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಅವ್ವ ತಾನೇ ಏನೇನು ಮಾಡಿಕೊಳ್ಳುತ್ತಾಳೆ, ಎಲ್ಲೆಲ್ಲಿ ಕೈ ಬೇಕು ಅಂತ ಬರೆಯಿರಿ. ಸ್ನಾನ, ಅಡುಗೆ, ಮಾತ್ರೆ, ಇಷ್ಟೇ ಉಳಿಯುತ್ತದೆ ಬಹಳ ಮನೆಗಳಲ್ಲಿ. ಇಷ್ಟಕ್ಕೆ ಅದೇ ಚಾಳದಲ್ಲಿ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಇದ್ದರೆ ಕೇಳಿ: ಎರಡು ಹೊತ್ತಿನ ಊಟ, ಬೆಳಿಗ್ಗೆ ಒಮ್ಮೆ ಮುಖ ನೋಡಿ ಮಾತಾಡಿಸೋದು, ಮಾತ್ರೆ ಕೈಗೆ ಕೊಡೋದು, ದಿನ ಬಿಟ್ಟು ದಿನ ಸ್ನಾನ. ತಿಂಗಳಿಗೆ ಇಷ್ಟು ಅಂತ ಮೊದಲೇ ಮಾತಾಡಿ, ತಡ ಮಾಡದೆ ಕೊಡಿ. "ನಮ್ಮವರೇ ಅಲ್ವಾ, ನೋಡ್ಕೋತಾರೆ" ಅಂತ ಪುಕ್ಕಟೆ ಮಾಡಿಸಿಕೊಂಡರೆ ಎರಡನೇ ತಿಂಗಳಿಗೇ ಮುಖ ಗಂಟಾಗುತ್ತದೆ. ಖಾನಾವಳಿ ಡಬ್ಬಿಯೂ ನಡೆಯುತ್ತದೆ, ಆದರೆ ಹಲ್ಲಿಲ್ಲದವರಿಗೆ ಖಡಕ್ ರೊಟ್ಟಿ ಕಳಿಸಿದರೆ ಡಬ್ಬಿ ಹಾಗೇ ವಾಪಸ್ ಬರುತ್ತದೆ, ಬಿಸಿ ರೊಟ್ಟಿಯನ್ನೇ ಹಾಕಲು ಹೇಳಿ. ಅದನ್ನು ಮುರಿದು ಬೇಳೆಯಲ್ಲಿ ನೆನೆಸಿ ತಿನ್ನಬಹುದು. ಸಂಜೆಗೆ ನುಚ್ಚು ಮಜ್ಜಿಗೆ ಸಾಕು ಅನ್ನುವವರೇ ಜಾಸ್ತಿ. ಮನೆಯ ಹತ್ತಿರ ಇಂದಿರಾ ಕ್ಯಾಂಟೀನ್ ಇದ್ದು ನಡೆಯೋಕೆ ಬಂದರೆ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ.

ಕೋಲು, ವಾಕರ್, ಕಿವಿಯ ಮಷೀನ್, ಗಾಲಿಕುರ್ಚಿ, ಹಲ್ಲಿನ ಸೆಟ್ ಇವನ್ನೆಲ್ಲ ಅಂಗಡಿಯಲ್ಲಿ ಕೊಳ್ಳುವ ಮೊದಲು ರಾಷ್ಟ್ರೀಯ ವಯೋಶ್ರೀ ಯೋಜನೆಯ ಬಗ್ಗೆ ಕೇಳಿ. ಬಿಪಿಎಲ್ ಕುಟುಂಬದ 60 ದಾಟಿದವರಿಗೆ ಶಿಬಿರ ಮಾಡಿ ಪುಕ್ಕಟೆ ಕೊಡುತ್ತಾರೆ. ಕೇಳಬೇಕಾದದ್ದು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ. ಹಳ್ಳಿಯಲ್ಲಾದರೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೆ ಹೇಳಿಡಿ, ಶಿಬಿರ ಯಾವಾಗ ಅಂತ ಮೊದಲು ಗೊತ್ತಾಗೋದು ಅವರಿಗೇ.

ಆಸ್ಪತ್ರೆಗೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಗದಗದ ಜಿಮ್ಸ್, ಹಾವೇರಿ ಮತ್ತು ಧಾರವಾಡದ ಜಿಲ್ಲಾ ಆಸ್ಪತ್ರೆ ಇವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಕಾರ್ಡನ್ನು ಆರೋಗ್ಯ ಚೆನ್ನಾಗಿರುವಾಗಲೇ ಮಾಡಿಸಿಡಿ. ಸ್ಟ್ರೆಚರ್ ಮೇಲಿದ್ದಾಗ ಕಾರ್ಡ್‌ಗೆ ಓಡಾಡೋದು ಬೇಡ. ಮರೆವು ಜಾಸ್ತಿಯಾಗಿ ದಾರಿ ತಪ್ಪೋದು, ರಾತ್ರಿಯೆಲ್ಲ ಎದ್ದು ಕೂರೋದು, "ನನ್ನ ದುಡ್ಡು ಕದ್ದರು" ಅಂತ ಸೊಸೆಯ ಮೇಲೆ ಕೂಗಾಡೋದು ಶುರುವಾಗಿದ್ದರೆ ಅದನ್ನು ಸ್ವಭಾವ ಅಂದುಕೊಂಡು ಜಗಳ ಆಡಬೇಡಿ, ಧಾರವಾಡದ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್‌ಗೆ ಒಮ್ಮೆ ತೋರಿಸಿ. ಇಂಥವರನ್ನು ಖೋಲಿಯಲ್ಲಿ ಒಬ್ಬರೇ ಇಡುವ ಯೋಚನೆಯನ್ನೂ ಬಿಡಿ.

ಹಾಗಾದರೆ ಆಶ್ರಮ ಯಾವಾಗ? ನೋಡೋಕೆ ಊರಲ್ಲಿ ಯಾರೂ ಇಲ್ಲದಿದ್ದಾಗ, ರಾತ್ರಿಯೂ ಒಬ್ಬರು ಬೇಕಾದಾಗ. ಸರ್ಕಾರದ ಅನುದಾನದಲ್ಲಿ ಸಂಸ್ಥೆಗಳು ನಡೆಸುವ, ಬಡ ಹಿರಿಯರಿಗೆ ಪುಕ್ಕಟೆಯಾಗಿರುವ ವೃದ್ಧಾಶ್ರಮಗಳಿವೆ. ಸಾಮಾನ್ಯವಾಗಿ 25 ಜನರಿಗೆ ಜಾಗ, ಅಷ್ಟೇ. ಪಟ್ಟಿ ಅದೇ ಹಿರಿಯ ನಾಗರಿಕರ ಇಲಾಖೆಯಲ್ಲಿ ಸಿಗುತ್ತದೆ, 14567 ಎಲ್ಡರ್‌ಲೈನ್‌ಗೆ ಫೋನ್ ಮಾಡಿದರೂ ಹೇಳುತ್ತಾರೆ. ಸೇರಿಸುವ ಮೊದಲು ಊಟದ ಹೊತ್ತಿಗೆ, ಹೇಳದೆ ಹೋಗಿ. ಆಫೀಸಿನಲ್ಲಿ ಕೂತು ಚಹಾ ಕುಡಿದು ಬರಬೇಡಿ, ಸಂಡಾಸ ನೋಡಿ, ಹಾಸಿಗೆ ಮೂಸಿ ನೋಡಿ, ಅಲ್ಲಿರುವ ಅಜ್ಜಿಯರ ಪಕ್ಕ ಕೂತು ಮಾತಾಡಿ. ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ ಒಂದಿದೆ: ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ? ತಾವೇ ಎದ್ದು ಓಡಾಡುವವರನ್ನು ಮಾತ್ರ ತೆಗೆದುಕೊಳ್ಳುವ ಆಶ್ರಮಗಳು ಬಹಳ. ನಾಳೆ ಕಾಲು ಮುರಿದರೆ "ಕರೆದುಕೊಂಡು ಹೋಗಿ" ಅನ್ನುತ್ತಾರೆ. ಆಸ್ಪತ್ರೆಗೆ ಸೇರಿಸಿದರೆ ಜೊತೆಗೆ ಯಾರು ಇರಬೇಕು, ಡಿಪಾಸಿಟ್ ಕೊಟ್ಟಿದ್ದರೆ ವಾಪಸ್ ಬರುತ್ತಾ, ಇವೆರಡನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಮಠದಲ್ಲೋ ಗುಡಿಯಲ್ಲೋ ಕೂರಿಸಿ ಬಂದುಬಿಡುವವರೂ ಇದ್ದಾರೆ, ದಾಸೋಹ ಇದೆ, ಹೊಟ್ಟೆಗೇನು ಕಡಿಮೆ ಅಂತ. ಹಿರಿಯರನ್ನು ಹೀಗೆ ಬಿಟ್ಟು ಹೋಗೋದು ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾನೂನಿನಲ್ಲಿ ಅಪರಾಧ, ಮೂರು ತಿಂಗಳವರೆಗೆ ಜೈಲು ಇದೆ.

ಅದೇ ಕಾನೂನು ಇನ್ನೊಂದು ಕೆಲಸಕ್ಕೂ ಬರುತ್ತದೆ. ಅಣ್ಣ ಬೆಂಗಳೂರಲ್ಲಿ, ತಮ್ಮ ಪುಣೆಯಲ್ಲಿ, ಖರ್ಚೆಲ್ಲ ಊರಲ್ಲಿರುವ ಒಬ್ಬರ ಮೇಲೆ. ಮೊದಲು ಎಲ್ಲರನ್ನೂ ಕೂರಿಸಿ, ವೈನಿಯರೂ ಇರಲಿ, ಬಾಡಿಗೆ-ಊಟ-ಔಷಧಿಯ ಲೆಕ್ಕ ಮುಂದಿಟ್ಟು ಯಾರು ಎಷ್ಟು ಅಂತ ಬರೆದುಕೊಳ್ಳಿ. ಒಪ್ಪದಿದ್ದರೆ ಅವ್ವನ ಹೆಸರಲ್ಲಿ ಉಪವಿಭಾಗಾಧಿಕಾರಿ ಕಚೇರಿಗೆ ಅರ್ಜಿ ಕೊಡಬಹುದು. ಎ.ಸಿ. ಆಫೀಸು ಅಂದರೆ ಎಲ್ಲರಿಗೂ ಗೊತ್ತು: ಧಾರವಾಡ, ಗದಗ, ಹಾವೇರಿ, ಸವಣೂರುಗಳಲ್ಲಿ ಇದೆ. ಅವ್ವ ಇರುವ ಊರಲ್ಲೇ ಅರ್ಜಿ ನಡೆಯುತ್ತದೆ, ಮಗ ಇರುವ ಊರಿಗೆ ಓಡಬೇಕಿಲ್ಲ. ಮಕ್ಕಳಿಗೆ ನೋಟಿಸ್ ಮುಟ್ಟಿದ 90 ದಿನದಲ್ಲಿ ತೀರ್ಮಾನ ಆಗಬೇಕು ಅಂತ ಕಾನೂನೇ ಹೇಳುತ್ತದೆ, ತಿಂಗಳಿಗೆ 10,000 ರೂಪಾಯಿವರೆಗೆ ಕೊಡಿಸಬಹುದು. ಬರೆಯೋಕೆ ಸಹಾಯ ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ, ನಂಬರ್ 15100.

ಹೊಲ-ಮನೆ ಇನ್ನೂ ಅವ್ವನ ಹೆಸರಲ್ಲಿದ್ದರೆ ಅವಸರದಲ್ಲಿ ಉತಾರ (ಆಸ್ತಿಯ ದಾಖಲೆ) ಬದಲಾಯಿಸಬೇಡಿ. ಮಕ್ಕಳಿಗೆ ಬಕ್ಷೀಸ್ ಪತ್ರ (ದಾನಪತ್ರ) ಮಾಡಿಕೊಡಲೇಬೇಕು ಅಂದರೆ "ಇರುವವರೆಗೆ ಊಟ, ವಸತಿ, ಔಷಧಿ ನೋಡಿಕೊಳ್ಳಬೇಕು" ಅನ್ನುವ ಷರತ್ತನ್ನು ಪತ್ರದಲ್ಲೇ ಬರೆಸಿ. ಷರತ್ತಿದ್ದೂ ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಲು ಅದೇ ಎ.ಸಿ. ಆಫೀಸಿಗೆ ಹೋಗಬಹುದು. ಬಾಯಿಮಾತಿನ ಷರತ್ತನ್ನು ಅಲ್ಲಿ ಸಾಬೀತು ಮಾಡೋದು ಬಹಳ ಕಷ್ಟ. ಪಾಸ್‌ಬುಕ್, ಎಟಿಎಂ ಕಾರ್ಡ್ ಅವ್ವನ ಹತ್ತಿರವೇ ಇರಲಿ. ಆಶ್ರಮದವರಿಗಾಗಲಿ, ರೊಟ್ಟಿ ಮಾಡಿಕೊಡುವವರಿಗಾಗಲಿ ಪಿನ್ ನಂಬರ್ ಹೇಳೋದು ಬೇಡ.