ಕಣಕ್ಕೊಂದು ಆಬ್ಜೆಕ್ಟ್ ಬೇಡ, ಗುಂಪಿಗೊಂದು ಸಾಕು

ಸಿ++ನಲ್ಲಿ ಸಿಮ್ಯುಲೇಷನ್ ಬರೆಯಲು ಕೂತವರು ಮೊದಲು ‘ಪಾರ್ಟಿಕಲ್’ (ಕಣ) ಅಂತ ಒಂದು ಕ್ಲಾಸ್, ಅಂದರೆ ಆಬ್ಜೆಕ್ಟ್‌ಗಳ ಅಚ್ಚು, ಮಾಡುತ್ತಾರೆ. ಅದಕ್ಕೊಂದು ವರ್ಚುವಲ್ ಫಂಕ್ಷನ್ (ಯಾವ ಕೋಡ್ ಓಡಬೇಕು ಅಂತ ಓಡುವಾಗಲೇ ತೀರ್ಮಾನವಾಗುವ ಫಂಕ್ಷನ್). ಆಮೇಲೆ ಹತ್ತು ಲಕ್ಷ ಸಲ ‘ನ್ಯೂ’, ಅಂದರೆ ಕಣಕ್ಕೊಂದು ಹೊಸ ಆಬ್ಜೆಕ್ಟ್. ನಾನೂ ಹಾಗೇ ಶುರು ಮಾಡಿದವನು. ಓದೋಕೆ ಚೆಂದ, ಓಡುವಾಗ ಎತ್ತಿನ ಗಾಡಿ. ಹಾಗಂತ ಆಬ್ಜೆಕ್ಟ್‌ಗಳನ್ನು ಬೈಯಬೇಡಿ. 1960ರ ದಶಕದಲ್ಲಿ ಓಸ್ಲೋದಲ್ಲಿ ಹುಟ್ಟಿದ ಸಿಮ್ಯುಲಾ ಭಾಷೆ ಇವನ್ನು ತಂದಿದ್ದೇ ಸಿಮ್ಯುಲೇಷನ್‌ಗಾಗಿ.

ಮೊದಲು ಅಳೆಯಿರಿ. ‘-ಓ2’ (ಕೋಡ್ ವೇಗ ಮಾಡು ಅನ್ನುವ ಕಂಪೈಲರ್ ಆಯ್ಕೆ) ಹಾಕಿ ಕಂಪೈಲ್ ಮಾಡಿ, ಲಿನಕ್ಸ್‌ನಲ್ಲಾದರೆ ಸಮಯ ಎಲ್ಲಿ ಹೋಗುತ್ತಿದೆ ಅಂತ ತೋರಿಸುವ ‘ಪರ್ಫ್’ ಓಡಿಸಿ. ತಪ್ಪು ಹುಡುಕಲು ಕಂಪೈಲ್ ಮಾಡಿದ ಡೀಬಗ್ ಬಿಲ್ಡ್‌ನ ಟೈಮಿಂಗ್ ಕಸದ ಬುಟ್ಟಿಗೆ.

ಈಗ ಎಲ್ಲರೂ ಎಡವುವ ಜಾಗ. ಒಂದು ಕಣಕ್ಕೆ ಸ್ಥಾನ ಮೂರು, ವೇಗ ಮೂರು, ದ್ರವ್ಯರಾಶಿ, ಚಾರ್ಜ್ ಅಂತ ಎಂಟು ಡಬಲ್ (ತಲಾ 8 ಬೈಟ್‌ನ ದಶಮಾಂಶ ಸಂಖ್ಯೆ), ಅಂದರೆ 64 ಬೈಟ್. ವರ್ಚುವಲ್ ಇದ್ದರೆ ಸಾಮಾನ್ಯವಾಗಿ ಇನ್ನೂ 8. ನಿಮ್ಮ ಲೂಪ್‌ಗೆ ಬೇಕಿರುವುದು ಬರೀ ಚಾರ್ಜ್‌ಗಳ ಮೊತ್ತ ಅಂದುಕೊಳ್ಳಿ. ಇವತ್ತಿನ ಹೆಚ್ಚಿನ ಪ್ರೊಸೆಸರ್‌ಗಳು ಮೆಮೊರಿಯಿಂದ 64 ಬೈಟ್ ಒಟ್ಟಿಗೆ ತರುತ್ತವೆ, ಕೆಲಸಕ್ಕೆ ಬರುವುದು 8. 64 ಸೀಟಿನ ಬಸ್ಸಲ್ಲಿ ಎಂಟೇ ಜನ!

ಅದಕ್ಕೇ ‘ಪಾರ್ಟಿಕಲ್ಸ್’ ಅಂತ ಒಂದೇ ಆಬ್ಜೆಕ್ಟ್ ಮಾಡಿ, ಒಳಗೆ ಒಂದೊಂದು ಗುಣಕ್ಕೆ ಒಂದರಂತೆ ಎಂಟು ವೆಕ್ಟರ್ (ಮೆಮೊರಿಯಲ್ಲಿ ಸಾಲಾಗಿ ಕೂರುವ ಪಟ್ಟಿ) ಇಡಿ. ‘ಪಿ[ಐ].ಚಾರ್ಜ್’ ಇದ್ದದ್ದು ‘ಪಿ.ಚಾರ್ಜ್[ಐ]’ ಆಗುತ್ತದೆ, ಅಷ್ಟೇ. ಈಗ ಒಂದು ಟ್ರಿಪ್‌ಗೆ ಎಂಟು ಚಾರ್ಜ್. ಆದರೆ ಕಣ ಅಳಿಸುವಾಗ ಎಂಟೂ ವೆಕ್ಟರ್‌ನಿಂದ ಅಳಿಸಬೇಕು. ಒಂದು ಮರೆತರೂ ಇವನ ಚಾರ್ಜ್ ಅವನಿಗೆ ಹೋಗುತ್ತದೆ, ಎರರ್ ಮಾತ್ರ ಬರಲ್ಲ. ಇದೇ ತಪ್ಪಿಗೆ ನನ್ನದೊಂದು ಭಾನುವಾರ ಹಾಳಾಗಿದೆ. ಅಳಿಸೋಕೆ, ಸಾರ್ಟ್ ಮಾಡೋಕೆ ಒಂದೊಂದೇ ಫಂಕ್ಷನ್ ಇರಲಿ, ವೆಕ್ಟರ್‌ಗಳನ್ನು ಹೊರಗಿನಿಂದ ಯಾರೂ ಮುಟ್ಟಬಾರದು. ಕ್ಲಾಸ್ ಇರುವುದು ಇದಕ್ಕೇ ಅಲ್ವಾ?

ಪ್ರತಿ ಲೂಪ್‌ನಲ್ಲೂ ಎಂಟೂ ಬೇಕಾದರೆ ಇಷ್ಟು ಒದ್ದಾಡಬೇಡಿ. ಹಳೇ ಆಬ್ಜೆಕ್ಟ್‌ಗಳನ್ನೇ ಸಾಲಾಗಿ ವೆಕ್ಟರ್‌ನಲ್ಲಿಡಿ. ಪಾಯಿಂಟರ್‌ಗಳ, ಅಂದರೆ ಬೇರೆಲ್ಲೋ ಇರುವ ಆಬ್ಜೆಕ್ಟ್‌ಗಳ ವಿಳಾಸಗಳ, ವೆಕ್ಟರ್ ಮಾತ್ರ ಬೇಡವೇ ಬೇಡ.

ವರ್ಚುವಲ್ ಕಾಲ್ ಲೂಪ್‌ನ ಹೊರಗಿರಲಿ: ಒಂದು ಜಾತಿಯ ಕಣಗಳ ಗುಂಪಿಗೆ ಒಂದೇ ಕರೆ.

ಕೊನೆಗೆ ಹಳೇ ಉತ್ತರದ ಜೊತೆ ಹೋಲಿಸಿ. ಕೂಡುವ ಕ್ರಮ ಬದಲಾದರೆ ಕೊನೆಯ ಒಂದೆರಡು ಅಂಕಿ ಆಚೀಚೆ ಆಗಬಹುದು, ಹೆದರಬೇಡಿ. ಲೆಕ್ಕದ ನಿಯಮ ಸಡಿಲಿಸಿ ವೇಗ ಹೆಚ್ಚಿಸುವ ‘-ಎಫ್‌ಫಾಸ್ಟ್-ಮ್ಯಾತ್’ ಅನ್ನುವ ಕಂಪೈಲರ್ ಶಾರ್ಟ್‌ಕಟ್ ಯಾರಾದರೂ ಹೇಳಿಕೊಟ್ಟರೆ ಸುಮ್ನೆ ತಲೆಯಾಡಿಸಿ, ಹಾಕಬೇಡಿ. ‘ನ್ಯಾನ್’ (ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ ಬರುವಂಥ, ಸಂಖ್ಯೆಯೇ ಅಲ್ಲದ ಉತ್ತರ) ಬರುವುದೇ ಇಲ್ಲ ಅಂತ ಕಂಪೈಲರ್ ನಂಬಿಕೊಂಡು, ಅದನ್ನು ಹಿಡಿಯಲು ನೀವು ಹಾಕಿದ ‘ಈಸ್‌ನ್ಯಾನ್’ ಚೆಕ್ಕನ್ನೇ ಕಿತ್ತುಹಾಕಬಹುದು.