ಕ್ಯಾಪ್ಚರ್ ಕಾರ್ಡ್ ಡಬ್ಬದ ಮೇಲಿನ 4ಕೆ ಯಾವುದರ ಲೆಕ್ಕ?

ಪ್ಲೇಸ್ಟೇಷನ್ 5ರ ಆಟಗಳನ್ನು ಸ್ಟ್ರೀಮ್ ಮಾಡೋಣ ಅಂತ ನಾನು ಮೊದಲು ತಗೊಂಡಿದ್ದು ಪೆನ್‌ಡ್ರೈವ್‌ನಷ್ಟು ಚಿಕ್ಕ ಕ್ಯಾಪ್ಚರ್ ಕಾರ್ಡ್, ಅಂದರೆ ಆಟದ ಚಿತ್ರವನ್ನು ಕಂಪ್ಯೂಟರಿಗೆ ತರುವ ಸಾಧನ. ಡಬ್ಬದ ಮೇಲೆ ದೊಡ್ಡದಾಗಿ 4ಕೆ ಅಂತ ಇತ್ತು. ಅಷ್ಟು ನೋಡಿಯೇ ಕೊಂಡೆ. ಆದರೆ ಕಾರು ಓಡಿಸುವ ಆಟ ಹಾಕಿದರೆ ರಸ್ತೆಯ ಅಂಚೆಲ್ಲ ಚೌಕ ಚೌಕವಾಗಿ ಒಡೆಯುತ್ತಿತ್ತು. ಎರಡು ದಿನ ಇಂಟರ್ನೆಟ್ ಮೇಲೆಯೇ ಅನುಮಾನಪಟ್ಟೆ. ಆಮೇಲೆ ಸ್ಟ್ರೀಮ್ ಮಾಡದೆ ಸುಮ್ನೆ, ರೆಕಾರ್ಡಿಂಗ್ ಮತ್ತು ಸ್ಟ್ರೀಮಿಂಗ್ ಸಾಫ್ಟ್‌ವೇರ್ ಆದ ಓಬಿಎಸ್‌ನಲ್ಲಿ ರೆಕಾರ್ಡ್ ಮಾಡಿ ನೋಡಿದೆ. ಅಲ್ಲೂ ಅದೇ ಕಥೆ.

ಡಬ್ಬದ ಹಿಂದಿನ ಸಣ್ಣ ಅಕ್ಷರ ಓದಿದಾಗ ಗೊತ್ತಾಯಿತು. ಆ 4ಕೆ ಕಾರ್ಡ್‌ಗೆ ಬರುವ ಸಿಗ್ನಲ್‌ನದ್ದು. ಕಂಪ್ಯೂಟರಿಗೆ ಅದು ಕಳಿಸುವುದು 1080ಪಿ, ಅದೂ ಸೆಕೆಂಡಿಗೆ 30 ಫ್ರೇಮ್ ಮಾತ್ರ. ಜೊತೆಗೆ ಅದು ಯುಎಸ್‌ಬಿ 2.0. ಇಲ್ಲೇ ಲೆಕ್ಕ ಹಾಕಬೇಕಿತ್ತು. 1080ಪಿ ಅಂದರೆ ಒಂದು ಫ್ರೇಮಿಗೆ ಸುಮಾರು 20 ಲಕ್ಷ ಪಿಕ್ಸೆಲ್. ಕುಗ್ಗಿಸದ ವಿಡಿಯೊದ ಎನ್‌ವಿ12 ಫಾರ್ಮ್ಯಾಟ್‌ನಲ್ಲಿ ಪಿಕ್ಸೆಲ್‌ಗೆ 12 ಬಿಟ್. 60 ಫ್ರೇಮ್ ಕಳಿಸಲು ಸೆಕೆಂಡಿಗೆ ಹೆಚ್ಚುಕಡಿಮೆ 1.5 ಗಿಗಾಬಿಟ್ ಬೇಕು. ಯುಎಸ್‌ಬಿ 2.0ರ ಮಿತಿಯೇ 480 ಮೆಗಾಬಿಟ್. 30 ಫ್ರೇಮ್ ಕೂಡ ಹಾಗೇ ಹಿಡಿಸುವುದಿಲ್ಲ. ಅದಕ್ಕೇ ಕಾರ್ಡ್ ಪ್ರತಿ ಫ್ರೇಮನ್ನೂ ಎಂಜೆಪೆಗ್ ಆಗಿ, ಅಂದರೆ ಒಂದೊಂದು ಜೆಪೆಗ್ ಫೋಟೊದ ಹಾಗೆ, ಕುಗ್ಗಿಸಿ ಕಳಿಸುತ್ತದೆ. ಸ್ಟ್ರೀಮ್‌ಗಾಗಿ ಓಬಿಎಸ್ ಅದನ್ನು ಮತ್ತೆ ಕುಗ್ಗಿಸುತ್ತದೆ. ಇನ್ನೆಲ್ಲಿ ಉಳಿಯುತ್ತದೆ ಚಿತ್ರ?

ಎರಡನೇ ಸಲ ಮೂರೇ ವಿಷಯ ನೋಡಿದೆ: ಯುಎಸ್‌ಬಿ 3.0, 60 ಫ್ರೇಮ್‌ನ 1080ಪಿ ಕ್ಯಾಪ್ಚರ್, ಬಂದ ಸಿಗ್ನಲನ್ನು ಹಾಗೇ ಟಿವಿಗೆ ದಾಟಿಸುವ 4ಕೆ 60 ಪಾಸ್‌ಥ್ರೂ. ಕ್ಯಾಪ್ಚರ್ ಕೂಡ 4ಕೆ ಬೇಕಾ? ನನಗೆ ಬೇಕಿರಲಿಲ್ಲ. ನನ್ನ ಸ್ಟ್ರೀಮ್ ಹೋಗುವುದು 1080ಪಿಯಲ್ಲಿ, 6000 ಕೆಬಿಪಿಎಸ್‌ಗೆ. ಪಾಸ್‌ಥ್ರೂ ಮಾತ್ರ ಬಿಡಲೇಬೇಡಿ. ಓಬಿಎಸ್ ಪ್ರಿವ್ಯೂ ನೋಡಿಕೊಂಡು ಆಡಿದರೆ ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಹಾರಿದ್ದಕ್ಕೂ ನಡುವೆ ಅಂತರ ಬೀಳುತ್ತದೆ. ಹಾಗೆ ಆಡೋದು ತುಂಬಾ ಕಷ್ಟ. ಪಾಸ್‌ಥ್ರೂ ಇದ್ದರೆ ಟಿವಿಗೆ ಸಿಗ್ನಲ್ ನೇರವಾಗಿ ಹೋಗುತ್ತದೆ, ತಡ ಗೊತ್ತೇ ಆಗುವುದಿಲ್ಲ. ಅಂದಹಾಗೆ, ಪಿಸಿ ಆಟವನ್ನು ಅದೇ ಪಿಸಿಯಿಂದ ಸ್ಟ್ರೀಮ್ ಮಾಡುವವರು ಕಾರ್ಡ್‌ಗೆ ದುಡ್ಡು ಹಾಕಬೇಡಿ. ಓಬಿಎಸ್‌ನ ಗೇಮ್ ಕ್ಯಾಪ್ಚರ್ ಸಾಕು.

ಹೊಸ ಕಾರ್ಡ್ ಜೋಡಿಸಿದ ದಿನ ಪರದೆ ಪೂರ್ತಿ ಕಪ್ಪು! ಕಾರ್ಡ್ ಕೆಟ್ಟಿದೆ ಅಂತ ವಾಪಸ್ ಕಳಿಸಲು ಹೊರಟಿದ್ದೆ. ಕೆಟ್ಟಿರಲಿಲ್ಲ, ಚಿತ್ರ ನಕಲಾಗದಂತೆ ಕಾಯುವ ಎಚ್‌ಡಿಸಿಪಿ ತಡೆಯುತ್ತಿತ್ತು. ಪಿಎಸ್5ರ ಸೆಟ್ಟಿಂಗ್ಸ್, ಸಿಸ್ಟಮ್, ಎಚ್‌ಡಿಎಂಐ ಒಳಗೆ ಹೋಗಿ ಅದನ್ನು ಆಫ್ ಮಾಡಿದ ಮೇಲೆ ಚಿತ್ರ ಬಂತು. ಅದು ಆಫ್ ಇರುವಾಗ ಸಿನಿಮಾ ನೋಡುವ ಆ್ಯಪ್‌ಗಳು ನಡೆಯುವುದಿಲ್ಲ, ಆಮೇಲೆ ಮತ್ತೆ ಆನ್ ಮಾಡಿಕೊಳ್ಳಬೇಕು. ಇಷ್ಟಾದರೂ 60 ಫ್ರೇಮ್ ಆಯ್ಕೆ ಕಾಣಲಿಲ್ಲ. ನೋಡಿದರೆ ಕೇಬಲನ್ನು ಯುಎಸ್‌ಬಿ 2.0 ಪೋರ್ಟಿಗೇ ಚುಚ್ಚಿದ್ದೆ. ನೀಲಿ ಪೋರ್ಟಿಗೆ ಬದಲಾಯಿಸಿದೆ, ಆಯ್ಕೆ ಬಂತು.

ಕೊನೆಗೆ ಉಳಿದಿದ್ದು ದನಿ. ಆಟದ ಚಿತ್ರ ಕಾರ್ಡ್ ದಾಟಿ ಬರುವಷ್ಟರಲ್ಲಿ ನನ್ನ ಮಾತು ಮುಂದೆ ಹೋಗಿರುತ್ತಿತ್ತು. ಜಿಗಿಯುವ ಬಟನ್ ಒತ್ತುವಾಗಲೇ ಮೈಕ್‌ನಲ್ಲಿ "ಈಗ" ಅಂತ ಹೇಳಿ ರೆಕಾರ್ಡ್ ಮಾಡಿಕೊಂಡೆ. ಎಡಿಟರ್‌ನಲ್ಲಿ ಎರಡರ ಅಂತರ ಅಳೆದು, ಅಷ್ಟೇ ಮಿಲಿಸೆಕೆಂಡನ್ನು ಓಬಿಎಸ್‌ನಲ್ಲಿ ಮೈಕ್‌ನ ದನಿಯನ್ನು ತಡವಾಗಿಸುವ ಸಿಂಕ್ ಆಫ್‌ಸೆಟ್‌ಗೆ ಹಾಕಿದೆ. ಮೂರನೇ ಪ್ರಯತ್ನಕ್ಕೆ ಮಾತು, ಆಟ ಒಟ್ಟಿಗೆ ಕೂತವು.